ವೇಳೆ ತಪ್ಪಿದ ಸೈರನ್

ಹನ್ನೊಂದು ಗಂಟೆಗೆ ಮಿಲ್ಲಿನ ಸೈರನ್ ಕೂಗಿತು. ಪಾಳಿ ಬದಲಾಗುವ ಹೊತ್ತಲ್ಲ, ಊಟದ ಹೊತ್ತೂ ಅಲ್ಲ. ಒಂಟಿಕೊಪ್ಪಲಿನ ಆ ವಠಾರದಲ್ಲಿ ಯಾರೂ ತಲೆ ಎತ್ತಲಿಲ್ಲ. ಚೂಡಾಮಣಿಯ ಕೈಯಲ್ಲಿದ್ದ ಮೊರ ಮಾತ್ರ ಅಕ್ಕಿಯ ಸಮೇತ ನೆಲಕ್ಕೆ ಬಿತ್ತು. ಚಿನ್ನದ ಗಣಿಯ ಕೂಲಿ ಲೈನಿನ ಸಾಲುಮನೆಯಲ್ಲಿ ಐದು ವರ್ಷ ಬಾಳಿದವಳು ಅವಳು. ಅಲ್ಲಿ ವೇಳೆ ತಪ್ಪಿ ಸೈರನ್ ಕೂಗಿತೆಂದರೆ ಒಂದೇ ಅರ್ಥ: ಕೆಳಗೆ ಬಂಡೆ ಕುಸಿದಿದೆ, ಗಂಡಸರು ಸಿಕ್ಕಿಕೊಂಡಿದ್ದಾರೆ. ಅವಳ ಗಂಡ ಗೋವಿಂದರಾಜು ಈ ಮಿಲ್ಲಿಗೆ ಸೇರಿ ಅವತ್ತಿಗೆ ನಾಲ್ಕನೇ ದಿನ.

ಓಡಿದಳು. ಬರಿಗೈಯಲ್ಲಿ ಓಡಲಿಲ್ಲ, ಗೋಡೆಯ ಮೇಲೆ ಬಿಸಿಲಿಗೆ ಹಾಕಿದ್ದ ಕಂಬಳಿಯೊಂದನ್ನು ಸೆಳೆದು ಕಂಕುಳಿಗೆ ಸಿಕ್ಕಿಸಿಕೊಂಡಳು. ಲೈನಿನ ಹೆಂಗಸರೆಲ್ಲ ಹಾಗೆಯೇ, ಸೈರನ್ ಕೇಳಿದೊಡನೆ ಕಂಬಳಿ ಎತ್ತಿಕೊಂಡೇ ಗಣಿಯ ಬಾಯಿಗೆ ಓಡುವುದು. ಮೇಲೆ ಬಂದವನಿಗೆ ಜೀವವಿದ್ದರೆ ಮೈಗೆ ಸುತ್ತುವುದಕ್ಕೆ, ಇಲ್ಲದಿದ್ದರೆ ಮುಖ ಮುಚ್ಚುವುದಕ್ಕೆ. ಹೋದ ಯುಗಾದಿಗೆ ಮುಂಚೆ ಮೈದುನನ ಮುಖ ಮುಚ್ಚಿದವಳು ಅವಳೇ. ಆವತ್ತೇ ಗಂಡನ ಕಾಲು ಹಿಡಿದಿದ್ದಳು: "ನೆಲದ ಮೇಲೆ ಗಂಜಿ ಸಿಕ್ಕರೂ ಸಾಕು, ಇಲ್ಲಿಂದ ನಡೀರಿ." ಚಿತ್ತೂರು ಕಡೆಯಿಂದ ಮದುವೆಯಾಗಿ ಬಂದು ಸೇರಿದ್ದ ಗಣಿಯನ್ನು ಬಿಟ್ಟು ಮೈಸೂರಿಗೆ ಬಂದದ್ದು ಹಾಗೆ. ಬಂದರೆ ಇಲ್ಲೂ ಅದೇ ಕೂಗು! ದೇವರೇ, ಎಳೆದುಕೊಂಡು ಬಂದವಳು ನಾನೇ ಅಲ್ಲವೇ ಎಂದು ದಾರಿಯುದ್ದಕ್ಕೂ ಹಲುಬಿದಳು.

ಕಂಬಳಿ ವಠಾರದ ಒಡತಿ ಮಂಗಳಮ್ಮನವರದು.

"ಅಯ್ಯಯ್ಯೋ, ನನ್ ಕಂಬಳಿ! ಹಿಡೀರಪ್ಪೋ! ಬಂದು ಎಂಟು ದಿನ ಆಗಿಲ್ಲ, ಆಗ್ಲೇ ಎತ್ಕೊಂಡ್ ಓಡ್ತಾವ್ಳೆ!"

ಮಂಗಳಮ್ಮನವರು ಓಡಿದ್ದನ್ನು ವಠಾರ ಅದುವರೆಗೆ ಕಂಡಿರಲಿಲ್ಲ. ಆ ಮೈಯಲ್ಲಿ ಓಡುವುದೆಂದರೇನು ತಮಾಷೆಯೇ? ಆದರೆ ಅದು ತವರಿನವರು ಕೊಟ್ಟ ಕಂಬಳಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಬಿದ್ದೇಬಿಟ್ಟರು. ಮುಂದೆ ಬರಿಗಾಲಿನ ಹುಡುಗಿ, ಹಿಂದೆ ಏದುಸಿರು ಬಿಡುವ ಹೆಂಗಸು. ಜಟಕಾದವನು ಕುದುರೆ ನಿಲ್ಲಿಸಿ ನೋಡಿದ.

ಮಿಲ್ಲಿನ ಗೇಟಿನಲ್ಲಿ ಕಾವಲಿನ ನಂಜಯ್ಯ ಬೀಡಿ ಸೇದುತ್ತ ನಿಂತಿದ್ದ. ಚೂಡಾಮಣಿ ಗೇಟಿನ ಸರಳು ಹಿಡಿದುಕೊಂಡಳು.

"ಎಷ್ಟು ಜನ ಸ್ವಾಮಿ ಕೆಳಗೆ?"

"ಯಾವ ಕೆಳಗೆ?"

"ಕೆಳಗೆ! ಎಷ್ಟು ಜನ ಸಿಕ್ಕೊಂಡಿದಾರೆ? ನಮ್ಮನೆಯವರು ಗೋವಿಂದರಾಜು ಅಂತ. ಬಲಗೈ ಮೇಲೆ ಹಚ್ಚೆ ಇದೆ, ಮುಖ ಗುರುತು ಸಿಗದಿದ್ರೂ ಅದು ನೋಡಿ..."

ನಂಜಯ್ಯ ಬೀಡಿ ತೆಗೆದ. "ಕೆಳಗೆ ಏನಮ್ಮ ಐತೆ? ಕೆಳಗೆ ನೆಲ. ನಮ್ಮ ಮಿಲ್ಲಲ್ಲಿ ಕೆಳಕ್ಕೆ ಹೋಗೋಕೆ ಒಂದು ಮೆಟ್ಲೂ ಇಲ್ಲ. ಸೈರನ್ನಿಗೆ ವಾರದಿಂದ ಗಂಟಲು ಕಟ್ಟಿತ್ತು. ಫಿಟ್ಟರು ಈಗ ರಿಪೇರಿ ಮಾಡಿ ಊದಿ ನೋಡ್ದ, ಅಷ್ಟೇ. ಏನೂ ಆಗಿಲ್ಲ, ಹೋಗು."

ಏನೂ ಆಗಿಲ್ಲ! ಗಣಿಯಲ್ಲೂ ಗೇಟಿನವರು ಮೊದಲು ಹೇಳುವುದು ಇದನ್ನೇ. ಮೈದುನ ಒಳಗಿದ್ದಾಗ ಇಡೀ ಒಂದು ದಿನ ಇದನ್ನೇ ಹೇಳಿದ್ದರು. ಚೂಡಾಮಣಿ ಸರಳು ಬಿಡಲಿಲ್ಲ.

ಅಷ್ಟರಲ್ಲಿ ಮಂಗಳಮ್ಮ ಬಂದು ಕಂಬಳಿಯ ಒಂದು ತುದಿ ಹಿಡಿದರು. ಇನ್ನೊಂದು ತುದಿ ಚೂಡಾಮಣಿಯ ಮುಷ್ಟಿಯಲ್ಲಿತ್ತು.

"ಕೊಡ್ತೀನಿ ಅಮ್ಮಾ, ತಪ್ಪು ತಿಳ್ಕೋಬೇಡಿ. ಅವರು ಮೇಲೆ ಬರ್ಲಿ. ಉಸಿರಿದ್ರೆ ಬೆಚ್ಚಗೆ ಸುತ್ತಬೇಕು. ಇಲ್ದಿದ್ರೆ..." ಮುಂದಿನದನ್ನು ಅವಳು ಬಾಯಲ್ಲಿ ಹೇಳಲಿಲ್ಲ, ಕಂಬಳಿಯನ್ನು ತನ್ನ ಮುಖಕ್ಕೆ ಎಳೆದು ತೋರಿಸಿದಳು.

ಮಂಗಳಮ್ಮನ ಕೈ ಸಡಿಲವಾಯಿತು. ಬಯ್ಯಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದ ಮಾತೆಲ್ಲ ನಂಜಯ್ಯನ ಮೇಲೆ ತಿರುಗಿತು.

"ಏನಯ್ಯಾ, ನಿಂತ್ಕಂಡ್ ಬೀಡಿ ಸೇದ್ತೀಯಲ್ಲ! ಆ ಹುಡುಗಿ ಜೀವ ಬಾಯಿಗೆ ಬಂದೈತೆ, ಕಣ್ಣು ಕಾಣಾಕಿಲ್ವಾ? ಓಗು, ಅವಳ ಗಂಡನ್ನ ಕರ್ಕೊಂಬಂದು ಮುಂದೆ ನಿಲ್ಸು! ಆಮೇಲೆ ಸೇದೀಯಂತೆ."

ನಂಜಯ್ಯ ಹೋದ. ಗೋವಿಂದರಾಜು ಬಂದ. ಎರಡೂ ಕಾಲಲ್ಲಿ ನಡೆದುಕೊಂಡು, ತಲೆತುಂಬ ಹತ್ತಿಯ ಧೂಳು ಮೆತ್ತಿಕೊಂಡು, ಹುಬ್ಬು ರೆಪ್ಪೆ ಎಲ್ಲ ಬೆಳ್ಳಗೆ. ಚೂಡಾಮಣಿ ಅವನ ಎರಡೂ ಕೈ ಹಿಡಿದು ಬೆರಳು ಎಣಿಸಿದಳು. ಹತ್ತೂ ಇದ್ದವು. ಆಮೇಲೆ ಭುಜಕ್ಕೆ ಪಟಪಟನೆ ನಾಲ್ಕು ಏಟು ಹಾಕಿ, ಗೇಟಿನ ಮುಂದೆಯೇ ಕುಕ್ಕರಿಸಿ ಗೊಳೋ ಎಂದು ಅತ್ತಳು.

"ಯಾಕೆ, ಏನಾಯ್ತೇ?" ಎಂದು ಅವನು ಗಾಬರಿಯಾದ.

"ಏನೂ ಆಗಿಲ್ಲ," ಎಂದಳು. ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಏನೂ ಆಗಿಲ್ವಂತೆ ರೀ, ನಿಜವಾಗ್ಲೂ ಏನೂ ಆಗಿಲ್ವಂತೆ!"

ಮಂಗಳಮ್ಮ ಆ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಸರಿ ಎದ್ದೇಳು, ನೀ ಚೆಲ್ಲಿ ಬಂದಿರೋ ಅಕ್ಕೀನ ಕೋಳಿ ಮುಗಿಸ್ಬುಟ್ಟಾವು," ಎಂದು ರೇಗಿದರು. ಆದರೆ ವಾಪಸು ನಡೆಯುವಾಗ ಬರಿಗಾಲಿನ ಹುಡುಗಿಯನ್ನು ಮರದ ನೆರಳಿನ ಕಡೆಗೆ ಬಿಟ್ಟು, ತಾವು ಬಿಸಿಲಲ್ಲಿ ನಡೆದರು.

ಸ್ವಲ್ಪ ದೂರ ಬಂದ ಮೇಲೆ ಚೂಡಾಮಣಿ ಮೆಲ್ಲಗೆ ಕೇಳಿದಳು.

"ಅಮ್ಮಾ, ಇಲ್ಲಿ ಸೈರನ್ ಕೂಗಿದ್ರೆ ಹೆಂಗಸ್ರು ಏನ್ ಮಾಡ್ತೀರಿ?"

ಮಂಗಳಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಿಂತು ಅವಳ ಮುಖ ನೋಡಿದರು.

"ಏನ್ ಮಾಡ್ತೀವಿ? ಅನ್ನಕ್ಕೆ ಎಸರಿಡ್ತೀವಿ ಕಣಮ್ಮ."