ಕೊಟ್ಟ ಕೆಂಪು

ಕಂಪ್ಯೂಟರಿಗೆ ಬಣ್ಣ ಬರಬೇಕಾದರೆ ಅದನ್ನು ಜೋಡಿಸಿದವನ ಕಣ್ಣಿನಿಂದಲೇ ಬರಬೇಕು. ಕೊಟ್ಟ ಬಣ್ಣ ಆಮೇಲೆ ಅವನಿಗೆ ಪರದೆಯಲ್ಲಷ್ಟೇ ಕಾಣುತ್ತದೆ. ಗೇಮ್ ಆಡಲೆಂದು ಗುರುಪಾದ ತಾನೇ ಜೋಡಿಸಿದ ಕಂಪ್ಯೂಟರಿಗೆ ಹಸಿರು, ನೀಲಿ ಆಗಲೇ ಕೊಟ್ಟಿದ್ದ. ಗೇಮಿನ ಕಾಡು, ಕಡಲಿಗೆ ಬಣ್ಣ ಬಂತು. ಬೆಂಕಿ ಮಾತ್ರ ಬೂದಿಯಂತಿತ್ತು. ಕೂತಲ್ಲಿ ಕೂರಲಾಗದೆ, ಆಯುಧಪೂಜೆಯ ಬೆಳಿಗ್ಗೆ ಗ್ರಾಫಿಕ್ಸ್ ಕಾರ್ಡಿನ ಬಣ್ಣ ಹೀರುವ ಕಿಂಡಿಗೆ ಮತ್ತೆ ಕಣ್ಣು ಹಚ್ಚಿದ.

ಹೆಂಡತಿ ಶೈಲಾ ಪೂಜೆಯ ತಟ್ಟೆ ತಂದಳು. ಅವನು ಅವಸರದಲ್ಲಿ ಮೂರು ಬೆರಳು ಅದ್ದಿ, ವಿಭೂತಿಯೆಂದು ಹಣೆಗೆ ಎಳೆದುಕೊಂಡ.

"ಅಯ್ಯ, ಅದು ಕುಂಕುಮರೀ!" ಶೈಲಾಳ ನಗು ಅಲ್ಲೇ ನಿಂತಿತು. "ಕೆಂಪೂ ಕೊಟ್ರ್ಯಾ? ಇನ್ನ ನನ್ನ ಹಣಿ ಹೆಂಗ ಕಾಣತೈತ್ರಿ ನಿಮಗ?"

ಅವನು ಕಂಪ್ಯೂಟರಿನ ಕ್ಯಾಮೆರಾವನ್ನು ಅವಳತ್ತ ತಿರುಗಿಸಿದ. ಪರದೆಯಲ್ಲಿ ಅವಳ ಕುಂಕುಮ ಕೆಂಪಗೆ ಹೊಳೆಯಿತು.

"ಇತ್ಲಾಗ ನೋಡ್ರಿ," ಎಂದಳು ಪಕ್ಕದಲ್ಲೇ ನಿಂತಿದ್ದ ಶೈಲಾ.

"ನೋಡಾಕ್ಹತ್ತೇನಲ್ಲ," ಎಂದ, ಪರದೆಯಿಂದ ಕಣ್ಣು ಕೀಳದೆ.