ಸೊಟ್ಟ ಪೆಲೆಟ್ಟು

ಹೋದ ವರ್ಷ ಏರ್‌ರೈಫಲ್ ಫೈನಲ್‌ನಲ್ಲಿ ಲೋಹಿತ್ ಹೊಡೆದ ಒಂದು ಗುಂಡೂ ನೆಟ್ಟಗೆ ಹೋಗಿರಲಿಲ್ಲ. ಆಮೇಲೆ ತನ್ನ ಗುಂಡಿನ ಡಬ್ಬಿ ಬಗ್ಗಿಸಿ ನೋಡಿದ್ರೆ ಪೆಲೆಟ್‌ಗಳ ಅಂಚೆಲ್ಲ ಸೊಟ್ಟ! ಯಾರೋ ಬೇಕಂತಾನೇ ಅಮುಕಿದ್ರು.

"ಅಂಗಡಿಯೋನು ಡ್ಯಾಮೇಜ್ ಮಾಲು ಕೊಟ್ಟಿರ್ಬೇಕು ಗುರು," ಅಂತ ಕಪ್ ಗೆದ್ದ ಗಗನ್ ಹಲ್ಲು ಕಿರಿದಿದ್ದ. ಲೋಹಿತ್ ಕಂಪ್ಲೇಂಟ್ ಕೊಟ್ಟ. ಸಾಕ್ಷಿ ಸಿಗಲಿಲ್ಲ.

ಈ ವರ್ಷ ಮತ್ತೆ ಫೈನಲ್, ಮತ್ತೆ ಅವರಿಬ್ಬರೇ. ಗೆದ್ದೋನಿಗೆ ಸ್ಟೇಟ್ ಟೀಮಲ್ಲಿ ಜಾಗ. ಗಗನ್ ಟೀ ಕುಡಿಯೋಕೆ ಹೋಗಿದ್ದೇ ತಡ, ಲೋಹಿತ್ ಅವನ ಡಬ್ಬಿ ಬಿಚ್ಚಿ, ಒಂದನ್ನೂ ಬಿಡದೆ ಎಲ್ಲಾ ಪೆಲೆಟ್‌ಗಳ ಅಂಚು ಅಮುಕಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಮುಚ್ಚಿಟ್ಟ.

ಗಗನ್ ವಾಪಸ್ ಬಂದವನೇ ಕೆಣಕಿದ. "ಏನೋ, ಈ ಸಲ ನಿನ್ ಡಬ್ಬಿ ಚೆಕ್ ಮಾಡ್ಕೊಂಡ್ಯಾ?"

"ಇಂಟರ್‌ವೆಲ್ ತನಕ ನಗ್ತಾ ಇರು ಮಗನೇ," ಲೋಹಿತ್ ಕಾಲರ್ ಎತ್ತಿದ. "ಕ್ಲೈಮ್ಯಾಕ್ಸ್ ಬರೆದಿರೋನು ನಾನು."

ಅಷ್ಟರಲ್ಲಿ ಕೋಚ್ ಬಂದು ಲೋಹಿತ್ ಬೆನ್ನು ತಟ್ಟಿದ್ರು.

"ನೀನು ಕೊಟ್ಟ ಕಂಪ್ಲೇಂಟು ವೇಸ್ಟಾಗ್ಲಿಲ್ಲ ಕಣಪ್ಪಾ. ಇವತ್ತಿಂದ ಹೊಸ ರೂಲ್ಸು. ಫೈನಲ್‌ನಲ್ಲಿ ನಿನ್ ಡಬ್ಬಿ ಅವನಿಗೆ, ಅವನ ಡಬ್ಬಿ ನಿಂಗೆ."