ಅರ್ಧ ಪೈಪು ನೀರು

ಮೋಟರ್ ಮೇಲೆತ್ತಿ, ಬಿಚ್ಚಿ ನೋಡಿ, ಮತ್ತೆ ಇಳಿಸಿದ ಮೇಲೂ ಮುದುಕಿಯ ಬೋರಿನಲ್ಲಿ ಅರ್ಧ ಪೈಪು ನೀರೇ ಬರುತ್ತಿತ್ತು. ಸೋತುಹೋದ ಮೆಕ್ಯಾನಿಕ್ ತೊಟ್ಟಿಯ ಕಟ್ಟೆಯ ಮೇಲೆ ಕೂತ. ಅವಳು ಕೊಟ್ಟ ಮಜ್ಜಿಗೆ ಕುಡಿದು ಮುಗಿಸುವಷ್ಟರಲ್ಲಿ ಪೈಪು ಇದ್ದಕ್ಕಿದ್ದಂತೆ ತುಂಬಿ ಹರಿಯಿತು.

ಅವನು ಎದ್ದು ಮುಳ್ಳುಬೇಲಿಯಾಚೆ ಇಣುಕಿದ.

"ಆ ಬೋರು ಯಾರದಮ್ಮ?"

"ನನ್ ತಮ್ಮಂದು. ಅವನೂ ನನ್ನಂಗೆ ಒಬ್ನೇ ಇರೋದು."

"ಈಗ ಅವರು ಮೋಟರ್ ನಿಲ್ಸಿದ್ರು ನೋಡಿ. ಎರಡಕ್ಕೂ ಒಂದೇ ಸೆಲೆ. ಬೆಳಿಗ್ಗೆ ಕರೆಂಟ್ ಬಂದ ತಕ್ಷಣ ಇಬ್ರೂ ಒಟ್ಟಿಗೆ ಹಾಕ್ತೀರ, ಅದಕ್ಕೇ ನಿಮಗೆ ಕಮ್ಮಿ. ಅವರ ಹತ್ರ ಒಂದ್ಮಾತು ಹೇಳಿ."

"ಜಮೀನು ಪಾಲಾದಾಗಿಂದ ನಮಗೆ ಮಾತಿಲ್ಲಪ್ಪ."

"ಹಂಗಾದ್ರೆ ಹೇಳೋದೇ ಬೇಡ. ಅವರು ನಿಲ್ಸಿದ ಮೇಲೆ ನೀವು ಹಾಕ್ಕೊಳ್ಳಿ. ಯಾವಾಗ್ಲೂ ಹಿಂಗೇ ತುಂಬಿ ಬರುತ್ತೆ."

ಮುದುಕಿ ಬೇಲಿಯ ಕಡೆಗೊಮ್ಮೆ, ಪೈಪಿನ ಕಡೆಗೊಮ್ಮೆ ನೋಡಿದಳು.

"ಬೇಡ. ಬೆಳಿಗ್ಗೆನೇ ಹಾಕ್ತೀನಿ."

"ಅರ್ಧ ನೀರಿಗಾ?"

"ಅರ್ಧ ಬಂದ್ರೆ ಸಾಕು."

ಈ ವಯಸ್ಸಲ್ಲೂ ಎಂಥ ಹಟ ಎಂದು ಗೊಣಗುತ್ತಾ ಅವನು ಸಾಮಾನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಟ.

ಆಮೇಲೂ ಅವಳು ದಿನಾ ಕರೆಂಟ್ ಬಂದ ಕೂಡಲೇ ಮೋಟರ್ ಹಾಕುತ್ತಿದ್ದಳು. ನೀರು ಅರ್ಧಕ್ಕೆ ಇಳಿಯುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ನೆಮ್ಮದಿಯಾಗಿ ಒಲೆ ಹಚ್ಚಲು ಹೋಗುತ್ತಿದ್ದಳು.

ಚಳಿಗಾಲದ ಒಂದು ಬೆಳಿಗ್ಗೆ ಪೈಪು ತುಂಬಿ ಧುಮ್ಮಿಕ್ಕಿತು. ಅವಳು ಕಾದಳು. ತೊಟ್ಟಿ ತುಂಬಿ ಚೆಲ್ಲಿತು. ನೀರು ಕಮ್ಮಿಯಾಗಲೇ ಇಲ್ಲ.

ಸೀರೆ ಮುಳ್ಳಿಗೆ ಸಿಕ್ಕಿ ಹರಿದರೂ ನಿಲ್ಲದೆ ಅವಳು ಬೇಲಿ ದಾಟಿ ಓಡಿದಳು.

"ತಿಪ್ಪೇಶಾ! ಲೋ ತಿಪ್ಪೇಶಾ, ಮೋಟರ್ ಹಾಕೋ!"